ನನ್ನ ಉಸಿರಿನ ಅಂಕಿ

ಪಿಯುಸಿ ಮುಗಿಸಿ ಉಡುಪಿಯಿಂದ ಮುಂಬಯಿ ಪಕ್ಕದ ಡೊಂಬಿವಲಿಯ ಸೋದರಮಾವನ ಮನೆಗೆ ಬಂದು ಕಾಲೇಜು ಸೇರಿದ ಮೊದಲ ವರ್ಷ, ಆರೋಗ್ಯ ಮತ್ತು ಅರ್ಥಶಾಸ್ತ್ರದ ಪೇಪರಿಗೆ ಒಂದು ಪ್ರಾಕ್ಟಿಕಲ್ ಇತ್ತು. ಪ್ಲಾಸ್ಟಿಕ್ ಕೊಳವೆಗೆ ಜೋರಾಗಿ ಊದಿದರೆ ಅದರ ಮುಳ್ಳು ಮೇಲೇರಿ ಉಸಿರಿನ ಬಲ ತೋರಿಸುತ್ತಿತ್ತು. ನೀತಿಶಾಸ್ತ್ರದ ಪಾಠದ ಪ್ರಕಾರ ಊದುವ ಮುಂಚೆ ಎಲ್ಲರಿಂದ ಒಪ್ಪಿಗೆಯ ಸಹಿ ಪಡೆದರು. ಈ ಊರಿನ ಕೆಮಿಕಲ್ ಕಾರ್ಖಾನೆಗಳ ನಡುವೆ ಉಸಿರಾಡುವುದಕ್ಕೆ ಮಾತ್ರ ಯಾರೂ ಯಾರ ಒಪ್ಪಿಗೆಯನ್ನೂ ಕೇಳಿರಲಿಲ್ಲ.

ಇಲ್ಲೇ ಹುಟ್ಟಿ ಬೆಳೆದ ಇಡೀ ಕ್ಲಾಸು ಪುಸ್ತಕದ ನಾರ್ಮಲ್‌ಗಿಂತ ಕೆಳಗೆ ಬಂತು. ಕೊಳವೆ ಕೆಟ್ಟಿದೆಯೆಂದು ಮೇಡಂ ಬೇರೆಯದನ್ನು ತರಿಸಿದರು. ಅದೂ ಅದನ್ನೇ ಹೇಳಿತು. ಕೊನೆಗೆ, "ಕಿತಾಬ್ ಛೋಡೋ," ಪುಸ್ತಕ ಬಿಡಿ, ಎಂದು ನಮ್ಮ ಕ್ಲಾಸಿನ ಸರಾಸರಿಯನ್ನೇ ನಾರ್ಮಲ್ ಎಂದು ಬೋರ್ಡಿನ ಮೇಲೆ ಬರೆದರು. ಪುಸ್ತಕಕ್ಕೆ ಸರಿಹೊಂದಿದವಳು ನಾನೊಬ್ಬಳೇ. ಆದ್ದರಿಂದ ನನ್ನ ಅಂಕಿ ತಪ್ಪೆಂದು ಹೊಡೆದುಹಾಕಿದರು.

ಮನೆಗೆ ಬಂದು ಸಿಟ್ಟಿನಿಂದ ಎಲ್ಲವನ್ನೂ ಹೇಳಿದೆ. ಕಾರ್ಖಾನೆಯ ಗೇಟಿನೆದುರು ಹೋಟೆಲ್ ಇಟ್ಟಿದ್ದ ಮಾವ ಅನ್ನ ಬಡಿಸುತ್ತ ಹೇಳಿದರು:

"ಈ ಕಾರ್ಖಾನೆ ವಾಸನೆ ನಿಂತ್ರೆ ನಮ್ಮ ಹೋಟ್ಲೂ ನಿಂತ ಹಾಗೆ, ಮಾರಾಯ್ತಿ. ಕಿಟಕಿ ಹಾಕಿ ಮಲಗು."

ನಾನು ಉಣ್ಣುತ್ತಿದ್ದ ಅನ್ನವೂ ಅದೇ ಹೋಟೆಲಿನದು. ಎದ್ದು ಕಿಟಕಿ ಹಾಕಿದೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅದೇ ಕ್ಲಾಸು ಮತ್ತೆ ಊದಿತು. ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒಟ್ಟುಮಾಡಿ ನಾನೂ ಊದಿದೆ. ಮುಳ್ಳು ಎಲ್ಲರದು ನಿಂತಲ್ಲೇ ನಿಂತಿತು. ಈ ಸಲ ನನ್ನ ಅಂಕಿಯನ್ನು ಯಾರೂ ಹೊಡೆದುಹಾಕಲಿಲ್ಲ. ಮೇಡಂ ಬೆನ್ನು ತಟ್ಟಿ, "ಅಬ್ ಠೀಕ್ ಆಯಾ," ಈಗ ಸರಿಯಾಗಿ ಬಂತು, ಎಂದರು.