ಪರಸಿ ಮಾಳಿಗೆಯ ಕೆಳಗೆ ಹಗುರ ಅನಿಲ

ಮುಚ್ಚಿದ ಕೋಣೆಯಲ್ಲಿ ಜಲಜನಕ ಆಕಸ್ಮಿಕವಾಗಿ ಸೋರಿದರೆ ಎಲ್ಲಿ ಸೇರಿಕೊಳ್ಳುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಸಂಶೋಧನೆಯ ವಿಷಯವಾಗಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊತ್ತಿಕೊಳ್ಳಲು ಸಣ್ಣ ಕಿಡಿ ಸಾಕು. ನಮ್ಮ ಸೀಮೆಯ ಕಾರ್ಖಾನೆಗಳಲ್ಲಿ ದೊಡ್ಡ ಬ್ಯಾಟರಿಗಳನ್ನು ಚಾರ್ಜ್ ಮಾಡುವ ಕೋಣೆಗಳಿವೆ. ಅಲ್ಲಿಯೂ ಅದು ಹುಟ್ಟುತ್ತದೆ.

ಕಂಪ್ಯೂಟರ್ ಹೇಳಿದ್ದು ನಿಜವೋ ಎಂದು ನೋಡಲು ನಿಜವಾದ ಕೋಣೆಯೇ ಬೇಕಿತ್ತು. ಶಹಾಬಾದದ ಹೊರಗೆ ನಮ್ಮ ಮನೆತನದ ಖಾಲಿ ಜಾಗದಲ್ಲಿ ಒಂದು ಕಟ್ಟಿಸಿದೆ. ಕಲ್ಲಿನ ಗೋಡೆ, ಚಾವಣಿಗೆ ಪರಸಿ ಎಂಬ ಚಪ್ಪಡಿ ಕಲ್ಲಿನ ಮಾಳಿಗೆ. ಕಟ್ಟಿದವರು ಅರವತ್ತು ದಾಟಿದ ಒಬ್ಬ ಗೌಂಡಿ ಕಾಕಾ. ಸನ್ನತಿ ಕಡೆಯವರು, ಅವರ ತಂದೆ ಭೀಮಾ ನದಿಯಲ್ಲಿ ಹರಿಗೋಲು ಹಾಕುತ್ತಿದ್ದರಂತೆ. ಮಾತು ಕಡಿಮೆ. ಒಂದೊಂದು ಕಲ್ಲನ್ನೂ ಬೆರಳಿನಿಂದ ಬಡಿದು, ಸಪ್ಪಳ ಕೇಳಿಯೇ ಇಡುತ್ತಿದ್ದರು.

ಜಲಜನಕ ಬಿಡುವುದು ಅಪಾಯ. ಅದರ ಬದಲು ಹೆಚ್ಚುಕಡಿಮೆ ಅದರಂತೆಯೇ ಮೇಲೇರುವ, ಆದರೆ ಉರಿಯದ ಹೀಲಿಯಂ ಬಿಟ್ಟೆವು. ಮಾಳಿಗೆಯ ಕೆಳಗೆ ಅನಿಲ ದಪ್ಪ ಪದರವಾಗಿ ಬಹಳ ಹೊತ್ತು ನಿಲ್ಲಬೇಕೆಂದು ನನ್ನ ಲೆಕ್ಕ ಹೇಳುತ್ತಿತ್ತು. ಅಳತೆಯ ಯಂತ್ರದ ಅಂಕಿ ಮಾತ್ರ ನೋಡನೋಡುತ್ತಲೇ ಇಳಿಯಿತು. ಮರುದಿನವೂ ಅದೇ ಆಯಿತು. ಯಂತ್ರ ಕೆಟ್ಟಿದೆಯೆಂದು ದುರಸ್ತಿಗೆ ಕಳಿಸಿದೆ. ಚೆನ್ನಾಗಿದೆ ಎಂದು ಹಿಂದಿರುಗಿ ಬಂತು. ಆಮೇಲೆ ಒಂದು ವಾರ ಲೆಕ್ಕವನ್ನೇ ತಿದ್ದುತ್ತಾ ಕುಳಿತೆ. ಬಾಗಿಲಿಗೆ ಬಣ್ಣ ಹಚ್ಚುತ್ತಿದ್ದ ಕಾಕಾ ಬಂದು ಕೇಳಿದರು.

"ಏನಾಗ್ಯದ್ರಿ ಅಕ್ಕೋರೆ? ಭಾಳ ಚಿಂತಿ ಮಾಡ್ಲಿಕತ್ತೀರಿ."

"ಇದು ನಿಮಗ ತಿಳಿಯಂಗಿಲ್ಲ ಬಿಡ್ರಿ ಕಾಕಾ" ಎಂದೆ. ಹಾಗೆಂದಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅವರು ಬೇಸರಿಸಿಕೊಳ್ಳಲಿಲ್ಲ. "ತಿಳಿದಷ್ಟು ಹೇಳ್ರಿ" ಎಂದರು. ಹೇಳಿದೆ. ಸ್ವಲ್ಪ ಹೊತ್ತು ಮಾಳಿಗೆಯನ್ನೇ ನೋಡಿದರು.

"ನೀರು ತಳಾ ಹುಡುಕ್ತದ, ನಿಮ್ಮ ಗ್ಯಾಸು ಮ್ಯಾಲ ಹುಡುಕ್ತದ. ಹರಿಗೋಲಿನ್ಯಾಗ ತೂತು ನಮ್ಮ ಕಣ್ಣಿಗಿಂತ ಮೊದಲ ನೀರಿಗೆ ಕಾಣ್ತಿತ್ತು. ನಿಮ್ಮ ಲೆಕ್ಕ ಬರೋಬ್ಬರಿ ಇರಬಹುದು. ನನ್ನ ಮಾಳಿಗಿನ ಒಮ್ಮೆ ನೋಡೂಣು."

ಕೋಣೆಯೊಳಗೆ ಹೀಲಿಯಂ ಇಲ್ಲವೆಂದು ಖಚಿತ ಮಾಡಿಕೊಂಡ ಮೇಲೆ ಅವರು ಒಂದು ಕಟ್ಟು ಊದಬತ್ತಿ ಹಚ್ಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಏಣಿ ಹತ್ತಿ ಮಾಳಿಗೆಯ ಮೇಲೆ ಕುಳಿತೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಮೂಲೆಯ ಎರಡು ಪರಸಿಗಳ ನಡುವಿನಿಂದ ನೂಲಿನಷ್ಟು ತೆಳ್ಳಗೆ ಹೊಗೆ ಎದ್ದಿತು. ಅದರಾಚೆ ಇನ್ನೊಂದು ಎಳೆ. ಬಿಸಿಲಿಗೆ ಸಂದಿನ ಸಿಮೆಂಟ್ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

"ಬಂತು ಕಾಕಾ! ಹೊಗಿ ಬಂತು!" ಎಂದು ಕೂಗಿದೆ.

ಕಣ್ಣೊರೆಸಿಕೊಳ್ಳುತ್ತಾ ಹೊರಬಂದ ಅವರು, "ತಪ್ಪು ನಂದದ" ಎಂದರು. ಅಷ್ಟು ಸರಳವಾಗಿ ತಪ್ಪು ಒಪ್ಪಿಕೊಂಡವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆಮೇಲೆ ಅವರೇ ದಾರಿಯನ್ನೂ ತೋರಿಸಿದರು. "ಎಲ್ಲಾ ಸಂದಿ ಮುಚ್ತೀನಿ. ಆಮ್ಯಾಲ ನಿಮಗ ಎಲ್ಲಿ ಬೇಕೋ ಅಲ್ಲಿ ಒಂದ ತೂತು ತೆಗೀತೀನಿ. ಅವಾಗ ತೂತು ಎಲ್ಲದ ಅಂತ ಲೆಕ್ಕಕ್ಕ ಗೊತ್ತಿರತದ."

ಹಾಗೆಯೇ ಮಾಡಿದೆವು. ಎಲ್ಲ ಮುಚ್ಚಿದಾಗ ಅನಿಲ ನಿಂತಿತು. ಮೇಲಿನ ಮೂಲೆಯಲ್ಲಿ ತೂತು ತೆಗೆದಾಗ ಹೋಯಿತು. ಎರಡು ಸಲವೂ ಯಂತ್ರದ ಗೆರೆ ನನ್ನ ಲೆಕ್ಕದ ಗೆರೆಯ ಪಕ್ಕದಲ್ಲೇ ಸಾಗಿತು.

ಆ ಧೈರ್ಯದಿಂದ ವಾಡಿ ಊರಿನ ಹತ್ತಿರದ ಒಂದು ಕಾರ್ಖಾನೆಯ ಬ್ಯಾಟರಿ ಕೋಣೆಯ ಲೆಕ್ಕ ಮಾಡಿದೆ. ಅದರ ಗಾಳಿಕಿಂಡಿ ತೊಲೆಗಳಿಗಿಂತ ಕೆಳಗಿತ್ತು. ತೊಲೆಗಳ ನಡುವೆ ಅನಿಲ ಸಿಕ್ಕಿಕೊಳ್ಳಬಹುದೆಂದು ತೋರಿಸಿದೆ. ಅಲ್ಲಿಯ ಅಧಿಕಾರಿಗಳು ಒಪ್ಪಿ, ತೊಲೆಗಳ ನಡುವೆ ಮಾಳಿಗೆಗೆ ತಾಗಿದಂತೆಯೇ ಹೊಸ ಕಿಂಡಿಗಳನ್ನು ಕೊರೆಸಿದರು. ಆ ಕೆಲಸಕ್ಕೆ ನಾನು ಕಾಕಾರನ್ನೇ ಕರೆದೊಯ್ದೆ.

ಕೆಲಸ ಮುಗಿದ ಮೇಲೆ ಅಲ್ಲಿಯ ಕಿರಿಯ ಇಂಜಿನಿಯರ್ ಒಬ್ಬಳು, ಕಿಂಡಿ ಅಷ್ಟು ಎತ್ತರದಲ್ಲಿ ಏಕೆ ಎಂದು ನನ್ನನ್ನು ಕೇಳಿದಳು. ನಾನು ಕಾಕಾರ ಕಡೆ ಕೈತೋರಿಸಿದೆ. ಅವರು ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, "ಕುಂದ್ರಿ, ಹೇಳ್ತೀನಿ" ಎಂದು ಅವಳಿಗೆ ವಿವರಿಸತೊಡಗಿದರು. ನಾನೂ ಕುಳಿತು ಕೇಳಿದೆ.