ಸಪ್ಪಳ ನಿಲ್ಲಿಸುವ ಔಷಧ

ಹಿರೇಕೆರೂರಿನ ನನ್ನ ದವಾಖಾನೆಗೆ ಸಂತೆಯ ದಿನ ತಪ್ಪದೆ ಬರುತ್ತಿದ್ದ ಗಂಡ ಹೆಂಡತಿ ಇದ್ದರು. ಗಂಡ ಹರೆಯದಿಂದಲೂ ಹತ್ತಿ ಮಿಲ್ಲಿನಲ್ಲಿ ದುಡಿದವರು. ಅರಳೆಯ ಧೂಳು ಅವರ ಎದೆಗೆ ಇಳಿದು ವರ್ಷಗಳೇ ಆಗಿದ್ದವು. ಮಿಲ್ಲು ಬಿಟ್ಟ ಮೇಲೂ ಕೆಮ್ಮು ಅವರನ್ನು ಬಿಡಲಿಲ್ಲ. ನಾನು ಒಳಗೆ ಬೇರೆಯವರನ್ನು ನೋಡುತ್ತಿದ್ದಾಗಲೇ, ಹೊರಗೆ ಅವರು ಬಂದು ಕುಳಿತದ್ದು ಕೆಮ್ಮಿನಿಂದ ಗೊತ್ತಾಗುತ್ತಿತ್ತು. ಬೆಂಚಿನ ಮೇಲಿದ್ದವರು ಸರಿದು ಜಾಗ ಕೊಡುತ್ತಿದ್ದರು. ಯಾರಾದರೂ ಎದ್ದು ನೀರು ತಂದುಕೊಡುತ್ತಿದ್ದರು. ಹೆಂಡತಿ ಅವರನ್ನು ಕೂರಿಸಿ ಸಂತೆಗೆ ಹೋಗಿ, ಉಳ್ಳಾಗಡ್ಡಿ ಮೆಣಸಿನಕಾಯಿ ಕೊಂಡು ಬಂದು, ನಾನು ಬರೆದ ಔಷಧವನ್ನು ಚೀಲದಲ್ಲಿ ಎಲ್ಲದರ ಮೇಲಿಟ್ಟುಕೊಂಡು ಬಸ್ಸಿಗೆ ಹೊರಡುತ್ತಿದ್ದರು. ಅವರ ಹಳ್ಳಿ ಅಬಲೂರಿನ ದಾರಿಯಲ್ಲಿದೆ. ಒಬ್ಬಳೇ ಮಗಳನ್ನು ಶಿಗ್ಗಾಂವಿಗೆ ಕೊಟ್ಟಿದ್ದರು.

ಎರಡನೆಯ ಸಲ ಲಾಕ್‌ಡೌನ್ ಆದಾಗ ಸಂತೆ ನಿಂತಿತು, ಹಾವೇರಿಯ ಬಸ್ಸೂ ನಿಂತಿತು. ಮೊದಲನೆಯ ಸಲ ರೋಗ ಟಿವಿಯಲ್ಲಿತ್ತು. ಈ ಸಲ ಓಣಿಗಳಿಗೇ ಬಂದಿತ್ತು. ನನ್ನ ನರ್ಸನ್ನು ಅವಳ ಮನೆಯವರು ಕೆಲಸಕ್ಕೆ ಕಳಿಸಲಿಲ್ಲ. ಅವಳ ಮೇಲೆ ನನಗೆ ಸಿಟ್ಟೂ ಬರಲಿಲ್ಲ. ಕಸ ಹೊಡೆಯುವುದು, ಸೂಜಿ ಹಾಕುವುದು, ಫೋನು ಎತ್ತುವುದು ಎಲ್ಲ ನಾನೇ. ಮೇಜನ್ನು ಬಾಗಿಲಿಗೆ ತಂದು, ಅದರ ಮುಂದೆ ಹಗ್ಗ ಕಟ್ಟಿ, ರೋಗಿಗಳನ್ನು ರಸ್ತೆಯ ಮೇಲೆ ನಿಲ್ಲಿಸಿ ಮಾತಾಡಿಸುತ್ತಿದ್ದೆ. ಬಳಸಿದ ಮಾಸ್ಕುಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿ ಮತ್ತೆ ಕಟ್ಟಿಕೊಳ್ಳುತ್ತಿದ್ದೆ. ಮೇಲಿನ ಮನೆಯಲ್ಲಿದ್ದ ನನ್ನ ಅತ್ತೆ ಮೆಟ್ಟಿಲ ಮೇಲೆ ತಾಟು ಇಟ್ಟು ಒಳಗೆ ಹೋದ ಮೇಲೆ ಹೋಗಿ ಉಣ್ಣುತ್ತಿದ್ದೆ.

ಜನ ಜ್ವರವನ್ನು ಬಚ್ಚಿಡುತ್ತಿದ್ದರು. "ಜ್ವರ ಅಲ್ರಿ, ಬಿಸಲಿಗೆ ಮೈ ಬೆಚ್ಚಗಾಗೇತಿ" ಎನ್ನುತ್ತಿದ್ದರು. ರೋಗಕ್ಕಿಂತ, ಮನೆಯ ಮುಂದೆ ಬಂದು ನಿಲ್ಲುವ ಗಾಡಿಯ ಭಯ ಅವರಿಗೆ. ಅವರನ್ನೇ ಕೆಲವು ದಿನದ ಮೇಲೆ ಬೈಕಿನಲ್ಲಿ ಇಬ್ಬರ ನಡುವೆ ಒತ್ತಿ ಹಿಡಿದುಕೊಂಡು ತರುತ್ತಿದ್ದರು. ನಾನು ಹಾವೇರಿಗೆ, ಸವಣೂರಿಗೆ, ಹಾನಗಲ್ಲಿಗೆ, ಪರಿಚಯ ಇದ್ದ ಕಡೆಗೆಲ್ಲ ಫೋನು ಹಚ್ಚುತ್ತಿದ್ದೆ. "ಬೆಡ್ ಇಲ್ರಿ ಮೇಡಂ" ಎಂಬ ಮಾತನ್ನು ಒಬ್ಬೊಬ್ಬರು ಒಂದೊಂದು ದನಿಯಲ್ಲಿ ಹೇಳುತ್ತಿದ್ದರು.

ಅಂಥ ಒಂದು ಬೆಳಿಗ್ಗೆ ಆ ಹೆಂಡತಿ ಒಬ್ಬರೇ ಹಳ್ಳಿಯಿಂದ ನಡೆದುಕೊಂಡು ಬಂದರು. ಸೆರಗನ್ನು ಮೂಗಿನವರೆಗೆ ಸುತ್ತಿಕೊಂಡಿದ್ದರು. ಹಗ್ಗದ ಆಚೆ ನಿಂತು, ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು:

"ಕೆಮ್ಮು ಕಡಿಮಿ ಆಗದಿದ್ರೂ ನಡೀತೈತ್ರಿ. ಸಪ್ಪಳ ಬಂದ್ ಆಗೂ ಔಷಧ ಏನರ ಐತೇನ್ರಿ?"

"ಸಪ್ಪಳ ಅಂದ್ರ?"

"ಕೆಮ್ಮಿದ್ದು ಓಣಿಗೆ ಕೇಳಬಾರದ್ರಿ. ಮುಂಜಾನಿ ಅವರು ಕೆಮ್ಮಾಕ ಹತ್ತಿದ್ರ ಎದರಿನ ಮನಿಯವರು ಬಾಗಲಾ ಹಾಕ್ಕೊಂತಾರ. ನಾ ನಳಕ್ಕ ಹೋದ್ರ ತಮ್ಮ ಕೊಡ ಸರಸ್ತಾರ. ಇಷ್ಟ ವರ್ಷ ಕೇಳಿದ ಕೆಮ್ಮಲ್ರೀ ಅದು? ಈಗ ಹೊಸಾದಾತೇನು?"

ಹೊರಗೆ ಕೇಳಬಾರದೆಂದು ಆ ಮನುಷ್ಯ ಕೌದಿಯಲ್ಲಿ ಮುಖವಿಟ್ಟು ಕೆಮ್ಮುತ್ತಾರಂತೆ. ಒಮ್ಮೆ ಹಾಗೆ ಮಾಡಲು ಹೋಗಿ ಉಸಿರು ಸಿಕ್ಕಿಕೊಂಡು ಕಣ್ಣು ಮೇಲೆ ಹೋಗಿದ್ದವಂತೆ.

"ಕೆಮ್ಮು ತಡಿಯಾಕ ಹೋಗಬ್ಯಾಡ್ರಿ" ಎಂದೆ. "ಕಫ ಒಳಗ ಉಳದ್ರ ಅವರಿಗೆ ಕಷ್ಟ. ಅದು ಹೊರಗ ಬಂದ್ರನ ಆರಾಮ."

"ನಿಮಗ ತಿಳೀತೈತ್ರಿ. ಓಣಿಗೆ ತಿಳಿಯಂಗಿಲ್ಲ."

ಎಂದಿನ ಔಷಧವನ್ನೇ ಕೊಟ್ಟು ಕಳಿಸಿದೆ. ಗಂಡನಿಗೆ ಆ ರೋಗದ ಪರೀಕ್ಷೆ ಮಾಡಿಸಿದ್ದಾಗಿತ್ತು, ಏನೂ ಇರಲಿಲ್ಲ. ಆ ಹಳ್ಳಿಯ ಪಂಚಾಯಿತಿ ಸದಸ್ಯರು ರಕ್ತದೊತ್ತಡದ ಗುಳಿಗೆಗೆ ನನ್ನ ಹತ್ತಿರವೇ ಬರುವವರು. ಅವರಿಗೆ ಫೋನು ಮಾಡಿ ಹೇಳಿದೆ. ಅದು ಹತ್ತಿಯ ಧೂಳಿನ ಕೆಮ್ಮು, ಅಂಟುವುದಿಲ್ಲ, ನಾಲ್ಕು ಜನರಿಗೆ ತಿಳಿಸಿ ಹೇಳಿ ಎಂದೆ.

"ಇವತ್ತ ಇಲ್ಲ ಅಂತ ಬಂದೈತ್ರಿ. ನಾಳೆ ಬಂತಂದ್ರ?" ಎಂದರು ಅವರು. "ನನಗೇನ ಅವನ ಮ್ಯಾಲ ಸಿಟ್ಟಿಲ್ಲ. ಮಂದಿ ಕೇಳಾಕತ್ತಿಲ್ರಿ."

ಮಂದಿ ಕೇಳಲಿಲ್ಲ. ಆ ವಾರದಲ್ಲೇ ಗಂಡನನ್ನು ಊರ ಹೊರಗಿನ ಹೊಲದ ಶೆಡ್ಡಿಗೆ ಕಳಿಸಿದರು. ಯಾರೂ ಮೈ ಮುಟ್ಟಲಿಲ್ಲ, ಬೈಯಲೂ ಇಲ್ಲ. ಬಾಗಿಲಲ್ಲಿ ನಿಂತು ಕೈಮುಗಿದು ಕೇಳಿಕೊಂಡರಂತೆ. ಹೆಂಡತಿ ಮನೆಯಲ್ಲಿರಬಹುದು ಎಂದರಂತೆ, ಆಕೆಗೆ ಕೆಮ್ಮಿರಲಿಲ್ಲ.

ವಿಷಯ ತಿಳಿದು ನಾನು ಸ್ಕೂಟರಿನಲ್ಲಿ ಹೋದೆ. ಊರ ಬಾಯಿಗೆ ಜಾಲಿಮುಳ್ಳು ಎಳೆದಿದ್ದರು. ಗಾಡಿ ಅಲ್ಲೇ ನಿಲ್ಲಿಸಿ ಒಡ್ಡಿನ ಮೇಲೆ ನಡೆದೆ. ಗೋವಿನಜೋಳ ಬಿತ್ತಲು ಹರಗಿಟ್ಟಿದ್ದ ಹೊಲಗಳು ಕಾದು ಬೂದಿಯ ಬಣ್ಣಕ್ಕೆ ತಿರುಗಿದ್ದವು. ತಗಡಿನ ಶೆಡ್ಡು ಬೆಂಕಿಯಂತಿತ್ತು. ಅವರು ಹೊರಗೆ ಬೇವಿನ ನೆರಳಿಗೆ ಗೋಣಿಚೀಲ ಹಾಸಿಕೊಂಡು ಕುಳಿತಿದ್ದರು. ನನ್ನನ್ನು ನೋಡಿದ್ದೇ ವಸ್ತ್ರವನ್ನು ಬಾಯಿಗೆ ತುರುಕಿಕೊಂಡರು. ಕುತ್ತಿಗೆಯ ನರಗಳು ಉಬ್ಬಿ, ಕಣ್ಣಲ್ಲಿ ನೀರು ಬಂದು, ಭುಜಗಳು ಕುಲುಕುತ್ತಿದ್ದವು. ಸಪ್ಪಳ ಮಾತ್ರ ಇರಲಿಲ್ಲ.

"ಇಲ್ಲಿ ಯಾರದಾರ್ರಿ? ಕೆಮ್ಮರಿ" ಎಂದೆ.

"ರೂಢಿ ಆಗೇತ್ರಿ" ಎಂದರು, ಉಸಿರು ಬಂದ ಮೇಲೆ.

ಅವರ ಎದೆಗೆ ಸ್ಟೆತಸ್ಕೋಪು ಹಚ್ಚಿದೆ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುವ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿದೆ. ಎಂದಿನಂತೆ ಸ್ವಲ್ಪ ಕಡಿಮೆ, ಆದರೆ ಹೆದರುವಷ್ಟಲ್ಲ. ಅಷ್ಟರಲ್ಲಿ ಒಡ್ಡಿನ ಮೇಲೆ ಹೆಂಡತಿ ರೊಟ್ಟಿಯ ಗಂಟು ಹಿಡಿದು ಬರುವುದು ಕಾಣಿಸಿತು. ನಡುವೆ ನಡುವೆ ನಿಲ್ಲುತ್ತಿದ್ದರು. ಬಿಸಿಲಿಗೆ ಇರಬಹುದು ಎಂದುಕೊಂಡೆ. ಹತ್ತಿರ ಬಂದು, ಸೆರಗು ಸರಿಸಿ, ನಕ್ಕರು. ತುಟಿಗಳು ನೇರಳೆಹಣ್ಣು ತಿಂದವರ ಹಾಗಿದ್ದವು.

"ನಿಮ್ಮ ಬೆರಳು ಕೊಡ್ರಿ ಇಲ್ಲೆ" ಎಂದೆ.

ಎಪ್ಪತ್ತರ ಆಸುಪಾಸಿನ ಅಂಕಿ ಬಂತು. ಮೆಹಂದಿ ಹಚ್ಚಿದ ಬೆರಳಾದರೆ ಅಂಕಿ ತಪ್ಪಬಹುದು, ಅದೇನೋ ಎಂದು ನೋಡಿದೆ, ಅಲ್ಲ. ನನ್ನ ಬೆರಳಿಗೆ ಹಾಕಿ ನೋಡಿಕೊಂಡೆ, ಸರಿಯಾಗೇ ಇತ್ತು. ಮತ್ತೆ ಅವರ ಬೆರಳಿಗೆ ಹಾಕಿದೆ. ಅದೇ ಅಂಕಿ.

"ಮಷೀನ್ ಕೆಟ್ಟಿರಬೇಕ್ರಿ" ಎಂದರು ಅವರು. "ನನಗೇನಾಗೇತಿ? ಒಂದೆರಡು ದಿನ ಮೈ ನೋವಿತ್ತು, ಅಷ್ಟ. ಕೆಮ್ಮಿಲ್ಲ, ದಮ್ಮಿಲ್ಲ." ಹೇಳುತ್ತಲೇ ಗಂಟು ಬಿಚ್ಚಿ ರೊಟ್ಟಿ ಮುರಿಯತೊಡಗಿದರು. ಇಷ್ಟು ಕಡಿಮೆ ಆಮ್ಲಜನಕದಲ್ಲಿ ನಡೆದು ಬಂದು, ಕುಳಿತು ಮಾತಾಡುವವರನ್ನು ಆ ತಿಂಗಳು ನಾನು ಅದಕ್ಕೆ ಮೊದಲೂ ನೋಡಿದ್ದೆ. ಅವರಲ್ಲಿ ಹೆಚ್ಚಿನವರು ಉಳಿದಿರಲಿಲ್ಲ.

ಆಂಬುಲೆನ್ಸು ಸವಣೂರಿನ ಕಡೆಗೆ ಹೋಗಿತ್ತು. ನಾನು ಮುಳ್ಳಿನ ಬೇಲಿಗೆ ಓಡಿ, ಅಲ್ಲಿ ನೆರಳಿಗೆ ಕುಳಿತಿದ್ದವರಿಗೆ ಕೂಗಿ ಹೇಳಿ, ಒಂದು ಟಂಟಂ ಆಟೋ ಕರೆಸಿದೆ. ಚಾಲಕ ದೂರದಲ್ಲೇ ನಿಂತ.

"ಹೆಣ್ಣಮಗಳು ಬರ್ಲಿರಿ. ಆ ಕೆಮ್ಮೂ ಮನಶ್ಯಾ ಬ್ಯಾಡ."

"ಅವರಿಗೇನೂ ಇಲ್ಲಪಾ. ಜಡ್ಡು ಇರೂದು ಈಕೀಗೆ" ಎಂದೆ.

"ಈಕಿ ಕೆಮ್ಮಾಕತ್ತಿಲ್ಲಲ್ರಿ!"

ವಾದ ಮಾಡುತ್ತ ನಿಲ್ಲುವ ಹೊತ್ತಲ್ಲ ಅದು. ನನ್ನ ಹತ್ತಿರ ಉಳಿದಿದ್ದ ಮಾಸ್ಕನ್ನು ಚಾಲಕನಿಗೆ ಕೊಟ್ಟು, ಪರದೆಗಳನ್ನು ಎತ್ತಿ ಕಟ್ಟಲು ಹೇಳಿದೆ. ಆಕೆ ಹಿಂದೆ ಕುಳಿತರು. ಗಂಡ ಟಂಟಂ ಹಿಂದೆ ಸ್ವಲ್ಪ ದೂರ ಬಂದರು. ಕೆಮ್ಮು ಬಂತು, ನಿಂತುಬಿಟ್ಟರು. ನಾನು ಸ್ಕೂಟರಿನಲ್ಲಿ ಹಿಂದೆಯೇ ಹೋದೆ. ಹಿರೇಕೆರೂರಿನ ಆಸ್ಪತ್ರೆಯ ಪಡಸಾಲೆಯಲ್ಲಿ, ಎರಡು ಮಂಚಗಳ ನಡುವೆ ಹಾಸಿಗೆ ಹಾಕಿ ಆಮ್ಲಜನಕ ಹಚ್ಚಿದರು. ಅಲ್ಲಿದ್ದ ಡಾಕ್ಟರಿಗೆ ನಿಂತಲ್ಲೇ ಜೋಂಪು ಹತ್ತುತ್ತಿತ್ತು, ಆದರೂ ಆತ ಮಾಡುವುದನ್ನೆಲ್ಲ ಮಾಡಿದ. ಸಂಜೆ ಹಾವೇರಿಯಲ್ಲಿ ಜಾಗ ಸಿಕ್ಕಿ ಅಲ್ಲಿಗೆ ಒಯ್ದರು. ಕೆಲವು ದಿನಗಳಲ್ಲಿ ಆಕೆ ಅಲ್ಲೇ ತೀರಿಕೊಂಡರು. ದೇಹವನ್ನು ಊರಿಗೆ ಕೊಡಲಿಲ್ಲ. ಮಗಳಿಗೆ ಶಿಗ್ಗಾಂವಿಯಿಂದ ಹೊರಡಲು ಆಗಲಿಲ್ಲ. ಅವಳ ಮನೆಯಲ್ಲೂ ಎಲ್ಲರೂ ಮಲಗಿದ್ದರು.

ಗಂಡನಿಗೆ ಹೇಳಲು ನಾನೇ ಶೆಡ್ಡಿಗೆ ಹೋದೆ. ಫೋನಿನಲ್ಲಿ ಹೇಳುವುದು ಬೇಡ ಎನಿಸಿತ್ತು. ಸುದ್ದಿ ಹೇಳಿದೆ. ಅವರು ಕೇಳಿದರು:

"ನನ್ನಿಂದ ಹತ್ತಿತೇನ್ರಿ ಆಕೀಗೆ?"

"ಇಲ್ರಿ. ನಿಮಗ ಆ ಜಡ್ಡ ಇರಲಿಲ್ಲ. ಎಲ್ಲಿಂದ ಬಂತು ಅಂತ ನನಗೂ ಗೊತ್ತಿಲ್ಲ. ನಿಮ್ಮಿಂದಲ್ಲ, ಅದು ಖರೇ."

ನಂಬಿದರೋ ಇಲ್ಲವೋ. ಅದನ್ನೇ ಇನ್ನೂ ಎರಡು ಸಲ ಕೇಳಿದರು, ನಾನೂ ಅದನ್ನೇ ಹೇಳಿದೆ.

ಆ ಮೇಲಿನ ದಿನಗಳಲ್ಲಿ ಅದೇ ಓಣಿಯವರು ಒಬ್ಬೊಬ್ಬರಾಗಿ ನನ್ನ ಹಗ್ಗದ ಮುಂದೆ ಬಂದು ನಿಂತರು. ಪಂಚಾಯಿತಿ ಸದಸ್ಯರೂ ಬಂದರು. ಕಣ್ಣು ಕೆಂಪಾಗಿದ್ದವು.

"ಕೆಮ್ಮಿಲ್ಲ ನೋಡ್ರಿ ನನಗ" ಎಂದರು. "ಹಂಗಾರ ಅದಲ್ಲಲ್ರಿ?"

ನಾನು ಅವರ ಬೆರಳಿಗೆ ಆಕ್ಸಿಮೀಟರು ಹಾಕಿದೆ. ಅವರನ್ನೂ ಹಾವೇರಿಗೆ ಕಳಿಸಬೇಕಾಯಿತು. ಬದುಕಿ ಬಂದರು. ಬಂದ ಮೇಲೆ ತಾವೇ ಶೆಡ್ಡಿಗೆ ಹೋಗಿ ಮನೆಗೆ ಬರಲು ಕರೆದರಂತೆ. ಆ ಮನುಷ್ಯ ಮಳೆ ಬೀಳುವವರೆಗೂ ಹೊಲ ಬಿಟ್ಟು ಬರಲಿಲ್ಲ. ತಗಡು ಸೋರತೊಡಗಿದಾಗ ಬಂದರು. ಯಾರ ಜೊತೆಗೂ ಜಗಳವಾಡಲಿಲ್ಲ, ಮಾತೂ ಆಡಲಿಲ್ಲ.

ಬಸ್ಸು ಮತ್ತೆ ಶುರುವಾದ ಮೇಲೆ ಮಗಳು ಬಂದು ಅಪ್ಪನನ್ನು ಶಿಗ್ಗಾಂವಿಗೆ ಕರೆದುಕೊಂಡು ಹೋದಳು. ಹೋಗುವ ಮುಂಚೆ ಇಬ್ಬರೂ ದವಾಖಾನೆಗೆ ಬಂದರು. ಎರಡು ತಿಂಗಳಿಗಾಗುವಷ್ಟು ಔಷಧ ಕಟ್ಟಿಕೊಟ್ಟೆ. ಅಪ್ಪ ಹೊರಗೆ ಹೋದ ಮೇಲೂ ಅವಳು ಕುರ್ಚಿಯಿಂದ ಏಳಲಿಲ್ಲ.

"ಅವ್ವ ಕಡೀಕ ಏನರ ಅಂದ್ಲೇನ್ರಿ? ನಮ್ಮ ಪೈಕಿ ಯಾರೂ ಇರಲಿಲ್ಲ. ನೀವಷ್ಟ ಇದ್ರಿ."

ಇದ್ದದ್ದನ್ನೇ ಹೇಳಿದೆ. ಆಸ್ಪತ್ರೆಯ ಪಡಸಾಲೆಯಲ್ಲಿ ಅವಳ ತಾಯಿ ಮುಖದ ಮೇಲಿನ ಮಾಸ್ಕು ಎತ್ತಿ, ಮನೆಯ ಎಮ್ಮೆ ನೆರಳಿಗಿಲ್ಲ, ಯಾರಿಗಾದರೂ ಹೇಳಿ ಗಿಡದ ಬುಡಕ್ಕೆ ಕಟ್ಟಿಸಿರಿ ಎಂದಿದ್ದರು. ನಾನು ಆಗಲಿ ಎಂದು ಮಾಸ್ಕನ್ನು ಮತ್ತೆ ಇಳಿಸಿದ್ದೆ. ಫೋನು ಮಾಡಿ ಕಟ್ಟಿಸಿಯೂ ಇದ್ದೆ. ಮಗಳು ಕೇಳಿಸಿಕೊಂಡಳು. ನೆನಪಿನಲ್ಲಿಟ್ಟುಕೊಳ್ಳುವಂಥ ಮಾತು ಇನ್ನೊಂದೇನಾದರೂ ಇದೆಯೇ ಎಂದು ನನ್ನ ಮುಖ ನೋಡಿದಳು. ಇರಲಿಲ್ಲ.

"ಎಮ್ಮಿ ಮಾರಿಬಿಟ್ಟೇವ್ರಿ" ಎಂದು ಹೇಳಿ, ಔಷಧದ ಚೀಲ ಎತ್ತಿಕೊಂಡಳು.