ಹೆಂಡತಿಗೆ ಚರಿತ್ರೆ ಓದಿಹೇಳಿದವನು

ಮಳವಳ್ಳಿ ಬಸ್ಸಿಳಿದು ಮನೆಗೆ ಬಂದು ಗೇಟು ತೆಗೆಯುತ್ತಿದ್ದಾಗ ಒಳಗಿನಿಂದ ಗಂಡಸಿನ ದನಿ ಕೇಳಿಸಿತು. ನೆಂಟರು ಯಾರೋ ಬಂದಿರಬೇಕೆಂದುಕೊಂಡೆ. ಆದರೆ ಬಾಗಿಲ ಬಳಿ ಬೇರೆಯವರ ಚಪ್ಪಲಿ ಇರಲಿಲ್ಲ. ನನ್ನ ಹೆಂಡತಿ ಎಂದಿನಂತೆ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಯಾರದೋ ರವಿಕೆಗೆ ಲೈನಿಂಗು ಕೂಡಿಸುತ್ತಿದ್ದಳು. ಮಾತಾಡುತ್ತಿದ್ದವನು ಕಿಟಕಿಗೆ ಒರಗಿಸಿಟ್ಟಿದ್ದ ಅವಳ ಮೊಬೈಲಿನೊಳಗಿದ್ದ.

“ಒಂದ್ ಲೋಟ ಕಾಫಿ...” ಎಂದು ಶುರುಮಾಡಿದೆ. ಅವಳು ತಲೆ ಎತ್ತಲಿಲ್ಲ, ಕೈ ಮಾತ್ರ ಎತ್ತಿದಳು.

“ಒಸಿ ತಡೀರಿ, ರಾಣಿ ಗಂಡ ಸಾಯ್ತಾವ್ನೆ.”

ಬ್ಯಾಗು ಹೆಗಲಲ್ಲಿಟ್ಟುಕೊಂಡೇ ನಿಂತೆ. ರಾಣಿಯ ಗಂಡ ಸಾಯಲು ಬಹಳ ಹೊತ್ತು ತೆಗೆದುಕೊಂಡ. ಸತ್ತ ಮೇಲೆ ನನ್ನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮೊಬೈಲು ಆರಿಸಿ, ಅಡುಗೆಮನೆಗೆ ಹೋದಳು. ಕಾಫಿಗೆ ಸಕ್ಕರೆ ಹಾಕುವುದನ್ನು ಮರೆತಿದ್ದಳು. ಸಕ್ಕರೆ ಕಾರ್ಖಾನೆಯ ಸೀಮೆಯಲ್ಲಿ ಹುಟ್ಟಿ ಬೆಳೆದವಳು!

ನಾನು ಮಳವಳ್ಳಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಮನೆ ಮದ್ದೂರಿನಲ್ಲಿ. ಮದುವೆಯಾದ ಹೊಸತರಲ್ಲಿ ಇವಳಿಗೆ ಚರಿತ್ರೆಯ ರುಚಿ ಹತ್ತಿಸಬೇಕೆಂದು ಬಹಳ ಪ್ರಯತ್ನಪಟ್ಟವನು. ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿ, ಕೋಟೆಗೋಡೆಯ ಮುಂದೆ ನಿಲ್ಲಿಸಿ, ಮುತ್ತಿಗೆ ಹೇಗೆ ನಡೆಯಿತು, ಯಾರು ಯಾವ ಕಡೆಯಿಂದ ಬಂದರು ಎಂದು ವಿವರಿಸಿದ್ದೆ. ಅವಳು ಬಿಸಿಲಿಗೆ ಸೆರಗು ತಲೆಮೇಲೆ ಎಳೆದುಕೊಂಡು, “ಇಲ್ಲಿ ಕಬ್ಬಿನಾಲು ಎಲ್ಲಿ ಸಿಕ್ತದೆ?” ಎಂದು ಕೇಳಿದ್ದಳು. ಇವಳಿಗೆ ಚರಿತ್ರೆಯಲ್ಲಿ ಆಸಕ್ತಿಯಿಲ್ಲ ಎಂದು ಅಂದೇ ತೀರ್ಮಾನಿಸಿದೆ. ಆ ತೀರ್ಮಾನದಲ್ಲಿ ಇಷ್ಟು ವರ್ಷ ನೆಮ್ಮದಿಯಾಗಿಯೇ ಇದ್ದೆ. ಈಗ ನೋಡಿದರೆ ಅವಳಿಗೆ ಬೇಡವಾಗಿದ್ದದ್ದು ಚರಿತ್ರೆಯಲ್ಲ.

ಮಂಡ್ಯದಲ್ಲಿ ಕೆಲಸದಲ್ಲಿರುವ ಮಗಳು ಹಬ್ಬಕ್ಕೆ ಬಂದಿದ್ದಾಗ ತಾಯಿಯ ಮೊಬೈಲಿಗೆ ಆಡಿಯೋ ಬುಕ್ಕುಗಳನ್ನು ಹಾಕಿಕೊಟ್ಟು ಹೋಗಿದ್ದಳಂತೆ. ಹೊಲಿಯುವವರಿಗೆ ಕೈ, ಕಣ್ಣು ಎರಡೂ ಬಿಡುವಿರುವುದಿಲ್ಲ, ಕಿವಿ ಮಾತ್ರ ಸುಮ್ಮನೆ ಕೂತಿರುತ್ತದೆ ಎಂಬುದು ಅವಳ ಯೋಚನೆ. ಕತೆ ಕಾದಂಬರಿಗಳೂ ಇದ್ದವು. ಇವಳು ಹಿಡಿದದ್ದು ಜೀವನಚರಿತ್ರೆಗಳನ್ನು. ಅದರಲ್ಲೂ ಆ ಒಬ್ಬನೇ ಓದಿದವುಗಳನ್ನು.

ದನಿ ಚೆನ್ನಾಗಿಯೇ ಇತ್ತು, ಇಲ್ಲವೆನ್ನಲಾರೆ. ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಜಗುಲಿಯ ಮೇಲೆ ಕೂತವನ ಹಾಗೆ, ಅವಸರವಿಲ್ಲದೆ, ಎದುರಿಗಿರುವ ಒಬ್ಬರಿಗಷ್ಟೇ ಹೇಳುವ ಹಾಗೆ ಓದುತ್ತಿದ್ದ. ನನ್ನದು ಹಿಂದಿನ ಬೆಂಚಿನ ಹುಡುಗರಿಗೆ ಮುಟ್ಟಲೆಂದು ಬೆಳೆಸಿಕೊಂಡ ಗಂಟಲು. ಮನೆಯಲ್ಲಿ ಉಪ್ಪು ಕೇಳಿದರೂ ಪಕ್ಕದ ಮನೆಯವರಿಗೆ ಕೇಳಿಸುತ್ತದೆ. ಹೆಂಡತಿ ಅವನನ್ನು ‘ಆವಯ್ಯ’ ಎಂದು ಕರೆಯತೊಡಗಿದಳು. “ಆವಯ್ಯ ಇವತ್ತು ಏನ್ ಸಂದಾಗಿ ಓದುದ್ರು ಅಂತೀರಿ!”

ಇಷ್ಟರಲ್ಲೇ ಮುಗಿದಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಅಳತೆ ಕೊಡಲು ಬರುವ ಹೆಂಗಸರೂ ಕೇಳತೊಡಗಿದರು. ರವಿಕೆ ಆಗಿದೆಯೇ ಎಂದು ಬಂದವರು ಅಧ್ಯಾಯ ಮುಗಿಯುವ ತನಕ ಏಳುತ್ತಿರಲಿಲ್ಲ. ಒಂದು ಭಾನುವಾರ ಎದುರುಮನೆಯ ಸೊಸೆ ಬಂದು, “ಅಕ್ಕಾ, ನಾನೂ ಆಕಿಸ್ಕಂಡಿವ್ನಿ. ಯಾವುದ್ರಿಂದ ಸುರು ಮಾಡ್ಲಿ?” ಎಂದು ಕೇಳಿದಳು. ನಾನು ಪೇಪರು ಮಡಿಸಿ, ಗಂಟಲು ಸರಿಮಾಡಿಕೊಂಡು, ಉತ್ತರಕ್ಕೆ ಸಿದ್ಧನಾದೆ. ಆ ಹುಡುಗಿ ನನ್ನ ಕಡೆ ನೋಡಲೇ ಇಲ್ಲ.

“ಆ ರಾಣೀದು ಕೇಳು. ಮೊದಲ್ನೇ ಅಧ್ಯಾಯ ಬುಟ್ಬುಡು,” ಎಂದಳು ನನ್ನವಳು. “ಅವ್ರ ತಾತ ಮುತ್ತಾತ ಯಾರಾದ್ರೆ ನಮ್ಗೇನು? ಚಿಕ್ಕುಡ್ಗೀಲೇ ಎಲ್ಲಾ ತಿಳ್ಕಂಡಿದ್ಲು ಅಂತಾರೆ, ಅದೂ ಸುಳ್ಳು ಕಣೆ. ಮದ್ವೆ ಆದ್ಮೇಲಿಂದ ಕೇಳು. ನಿಜ ಅಲ್ಲಿಂದ ಬತ್ತದೆ.”

ವಂಶಾವಳಿ ಬಿಟ್ಟು ಚರಿತ್ರೆ ಕೇಳುವುದುಂಟೆ ಎಂದು ನಾನು ನಡುವೆ ಬಾಯಿ ಹಾಕಿದೆ. ಇಬ್ಬರೂ ನನ್ನನ್ನು ಒಮ್ಮೆ ನೋಡಿ ಮತ್ತೆ ತಮ್ಮ ಮಾತಿಗೆ ಹೋದರು.

ಅವನ ತಪ್ಪು ಹಿಡಿಯಬೇಕೆಂದೇ ನಾನೂ ಕೇಳಲು ಶುರುಮಾಡಿದೆ. ಮದ್ದೂರಿಂದ ಮಳವಳ್ಳಿಗೆ ಹೋಗುವಾಗ, ಬರುವಾಗ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕಿಟಕಿ ಪಕ್ಕ ಕೂರುತ್ತಿದ್ದೆ. ಹಾಗೆ ಕೇಳುತ್ತಾ ನನಗೂ ಒಂದಷ್ಟು ಅಭಿಪ್ರಾಯಗಳು ಕಟ್ಟಿಕೊಂಡವು. ರಾಜ್ಯಗಳ, ಯುದ್ಧಗಳ ಚರಿತ್ರೆ ಕಿವಿಗೆ ಒಗ್ಗುವುದಿಲ್ಲ. ಹೆಸರಿನ ಮೇಲೆ ಹೆಸರು ಬರುತ್ತದೆ. ಹಿಂದಿನ ಪುಟಕ್ಕೆ ಬೆರಳಿಟ್ಟು ತಿರುಗಿ ನೋಡುವಂತಿಲ್ಲ. ಬಸ್ಸು ಒಂದು ಹಂಪು ಹಾರಿದರೆ ಒಬ್ಬ ಪಾಳೇಗಾರ ತಪ್ಪಿಹೋಗಿರುತ್ತಾನೆ. ಒಬ್ಬರ ಬಾಳುವೆಯಾದರೆ ಒಂದೇ ದಾರ, ಕಿವಿ ಅದನ್ನು ಹಿಡಿದುಕೊಂಡು ಹೋಗಬಲ್ಲದು. ಕುದುರೆ ಖುರಪುಟ, ಕಹಳೆ, ಗುಡುಗು ಸೇರಿಸಿದ ಪುಸ್ತಕಗಳನ್ನಂತೂ ಕೇಳಲಾಗದು. ರಾಜನ ಮಾತು ಬಂದಾಗ ರಾಜನಂತೆ ಗರ್ಜಿಸುವ ಓದುಗರೂ ಇದ್ದಾರೆ, ಅವರು ಓದಿದರೆ ಊರ ನಾಟಕದ ನೆನಪಾಗುತ್ತದೆ. ಒಳ್ಳೆಯ ಓದುಗನೆಂದರೆ ತಾನು ಓದುತ್ತಿರುವುದನ್ನು ನಮಗೆ ಮರೆಸುವವನು. ಆವಯ್ಯ ಮರೆಸುತ್ತಿದ್ದ. ಇದು ಗೊತ್ತಾದ ದಿನ ನನ್ನ ಹೊಟ್ಟೆಕಿಚ್ಚು ಇನ್ನಷ್ಟಾಯಿತು.

ಕೊನೆಗೂ ಒಂದು ತಪ್ಪು ಸಿಕ್ಕಿತು. ನಮ್ಮ ಸೀಮೆಯ ಮಾತು ಬರುವ ಒಂದು ಅಧ್ಯಾಯದಲ್ಲಿ ಅವನು ಮಳವಳ್ಳಿಯನ್ನು ‘ಮಲವಲ್ಲಿ’ ಎಂದ. ಒಂದು ಸಲವಲ್ಲ, ಬಂದಾಗಲೆಲ್ಲ. ಬಸ್ಸಿನಲ್ಲಿ ಒಬ್ಬನೇ ನಕ್ಕೆ. ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ಹೇಳಿದೆ.

“ನಿಮ್ಮಾವಯ್ಯಂಗೆ ಳ ಬರಲ್ಲ ಕಣೆ. ನಾನು ದಿನಾ ಹೋಗಿ ಬರೋ ಊರನ್ನ ಮಲವಲ್ಲಿ ಮಾಡವ್ನೆ.”

ಅವಳು ಬಾಬಿನ್ನಿಗೆ ದಾರ ಸುತ್ತುತ್ತಿದ್ದಳು. ನಿಲ್ಲಿಸದೆಯೇ ಕೇಳಿದಳು: “ನಮ್ಗೆ ಅ ಬತ್ತದಾ? ಅಳ್ಳಿ ಅಂತೀವಿ, ಆಲು ಅಂತೀವಿ. ಯಾರಾರಾ ನಗ್ತಾರಾ?”

ಅವಳು ‘ಹ’ ಎನ್ನಲು ಹೋಗಿ ‘ಅ’ ಎಂದದ್ದನ್ನು ಎತ್ತಿ ತೋರಿಸುವ ಧೈರ್ಯ ನನಗೆ ಬರಲಿಲ್ಲ.

ಮುಂದಿನ ವಾರ ಮಂಡ್ಯಕ್ಕೆ ಹೋದಾಗ, ಅವಳು ಕೇಳಬೇಕೆಂದುಕೊಂಡಿದ್ದ ಒಬ್ಬ ಪಾಳೇಗಾರನ ಜೀವನಚರಿತ್ರೆಯ ಅಚ್ಚಾದ ಪುಸ್ತಕವನ್ನೇ ಕೊಂಡು ತಂದೆ. ನಾನೇ ಓದಿಹೇಳುತ್ತೇನೆ, ಮೊಬೈಲು ಬೇಡ ಎಂದೆ. ಅವಳು ಆಶ್ಚರ್ಯದಿಂದ ನೋಡಿದಳು, ಬೇಡವೆನ್ನಲಿಲ್ಲ. ಮೆಷಿನ್ನಿನ ಪಕ್ಕ ಕುರ್ಚಿ ಎಳೆದುಕೊಂಡು ಸಂಜೆ ಸಂಜೆ ಓದಿದೆ. ಮೊದಲ ಸಂಜೆ ಚೆನ್ನಾಗಿಯೇ ಹೋಯಿತು. ಎರಡನೆಯ ಸಂಜೆಗೆ ಅಲ್ಲಲ್ಲಿ ನಿಲ್ಲಿಸಿ ವಿವರಿಸತೊಡಗಿದೆ. ಆ ಕಾಲದ ಕಂದಾಯ ಪದ್ಧತಿ ಗೊತ್ತಿಲ್ಲದೆ ಪಾಳೇಗಾರನ ಸಿಟ್ಟು ಅರ್ಥವಾಗುವುದಾದರೂ ಹೇಗೆ? ನಡುವೆ, “ಈಗ ಹೇಳು, ಅವನು ಯಾಕೆ ಒಪ್ಪಲಿಲ್ಲ?” ಎಂದು ಕೇಳಿಯೂಬಿಟ್ಟೆ. ಮೆಷಿನ್ನು ನಿಂತಿತು.

“ನೀವು ಓದ್ತಾ ಇಲ್ಲ ಕಣ್ರೀ, ಪಾಠ ಮಾಡ್ತಿದ್ದೀರ. ಎಲ್ಲಿ ಪ್ರಶ್ನೆ ಕೇಳ್ಬುಡ್ತೀರೋ ಅಂತ ನಂಗೆ ಎದೆ ಡವಗುಟ್ತದೆ. ಈ ತೋಳು ನೋಡಿ, ತಿರುವಾಕಿ ಒಲ್ದಿವ್ನಿ.”

ನಿಜಕ್ಕೂ ತೋಳು ತಿರುಗುಮುರುಗಾಗಿತ್ತು. ಅವಳು ಹೊಲಿಗೆ ಬಿಚ್ಚಲು ಕೂತಳು. ನಾನು ಪುಸ್ತಕ ಮುಚ್ಚಿ ಶಿಂಷಾ ಹೊಳೆಯ ಕಡೆ ಒಂದು ಸುತ್ತು ನಡೆದು ಬಂದೆ. ಬರುವಷ್ಟರಲ್ಲಿ ಕಿಟಕಿಯಲ್ಲಿ ಅವನು ಓದುತ್ತಿದ್ದ. ನಾನು ಬಿಟ್ಟ ಪುಟದಿಂದಲೇ.

ಹೀಗಿರುವಾಗ ಮಗಳು ಫೋನು ಮಾಡಿ, ಆ ಓದುಗ ಮಂಡ್ಯದ ಕಾಲೇಜೊಂದಕ್ಕೆ ಮಾತಾಡಲು ಬರುತ್ತಿದ್ದಾನೆಂದಳು. ಹೆಂಡತಿ ಯಾರದೋ ಮದುವೆಗೆಂದು ಎತ್ತಿಟ್ಟಿದ್ದ ರೇಷ್ಮೆ ಸೀರೆ ತೆಗೆದಳು. ರೈಲಿನಲ್ಲಿ ಅಷ್ಟು ದೂರವೂ ನಾನು, ಎತ್ತರದ ಆಳು, ಗುಂಗುರು ಕೂದಲು, ಬೆಳ್ಳಗಿನ ಜುಬ್ಬ ಎಂದೆಲ್ಲ ಮನಸ್ಸಿನಲ್ಲೇ ಅವನನ್ನು ಕಡೆದು ನಿಲ್ಲಿಸಿಕೊಂಡು ಉರಿಯುತ್ತಿದ್ದೆ.

ವೇದಿಕೆ ಹತ್ತಿದವನು ನನಗಿಂತ ಗಿಡ್ಡ, ನನಗಿಂತ ಬೋಳು. ಕೊರಳಿಗೆ ಮಫ್ಲರು ಸುತ್ತಿಕೊಂಡಿದ್ದ. ಮೈಕಿನ ಮುಂದೆ ತಡವರಿಸಿದ. ನನಗೆ ಎಷ್ಟೋ ದಿನದ ಮೇಲೆ ಉಸಿರು ಹಗುರವಾಯಿತು. ಕಾರ್ಯಕ್ರಮ ಮುಗಿದು ಎಲ್ಲರೂ ಟೀ ಕುಡಿಯುತ್ತಿದ್ದಾಗ ಹೆಂಡತಿ ನೇರ ಅವನ ಬಳಿ ಹೋದಳು. ನಾನೂ ಹಿಂದೆಯೇ ಹೋದೆ.

“ಆ ರಾಣಿ ಕತೇಲಿ ಕೊನೇ ಅಧ್ಯಾಯದಲ್ಲಿ ನಿಮ್ ದನಿ ಇಳ್ದೋಯ್ತದಲ್ಲ ಸ್ವಾಮಿ, ಓದ್ತಾ ಅತ್ಬುಟ್ರಾ?”

ಅವನು ಸಂಕೋಚದಿಂದ ನಕ್ಕ. “ಇಲ್ಲಮ್ಮ. ಆ ವಾರ ನೆಗಡಿಯಾಗಿತ್ತು. ಗಂಟಲು ಕಟ್ಟಿತ್ತು. ಮತ್ತೊಂದು ಸಲ ಓದಲು ಬಿಡುವಿರಲಿಲ್ಲ, ಹಾಗೇ ಬಿಟ್ಟರು.”

ನನಗಾದ ಖುಷಿಯನ್ನು ಮುಚ್ಚಿಟ್ಟುಕೊಳ್ಳಲು ಟೀ ಲೋಟವನ್ನು ಬಾಯಿಗಿಟ್ಟೆ. ಆಗಲೇ ಅವಳು ನನ್ನ ಕಡೆ ತಿರುಗಿ, “ಇವ್ರು ನಮ್ಮನೇವ್ರು. ಇಸ್ಟ್ರಿ ಮೇಷ್ಟ್ರು. ನಿಮ್ಗೆ ಳ ಬರಕಿಲ್ಲ ಅಂತಾರೆ,” ಎಂದಳು.

ಟೀ ನೆತ್ತಿಗೇರಿತು. ಅವನು ಮಾತ್ರ ಕೈ ಮುಗಿದ. “ನಿಜ ಸರ್. ನಮ್ಮ ಮನೆಮಾತು ಬೇರೆ. ಎಷ್ಟು ತಿದ್ದಿಕೊಂಡರೂ ಕೆಲವು ಕಡೆ ಜಾರುತ್ತದೆ. ಹೇಳುವವರೇ ಇಲ್ಲ ನೋಡಿ.” ಎಲ್ಲೆಲ್ಲಿ ಎಂದು ಕೇಳಿದ. ಹೇಳಿದೆ. ಮಳವಳ್ಳಿ, ಮಳವಳ್ಳಿ ಎಂದು ನನ್ನ ಮುಂದೆಯೇ ಪಾಠ ಒಪ್ಪಿಸುವ ಹುಡುಗನಂತೆ ಅಂದು ನೋಡಿದ. ಅವನು ಜಂಬದ ಮನುಷ್ಯನಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ವಾಪಸು ಬರುವಾಗ ರೈಲಿನಲ್ಲಿ ಸೀಟು ಸಿಕ್ಕಿತು. “ಕೇಳುಸ್ಕಂಡ್ಯಾ? ನೆಗಡಿಯಂತೆ,” ಎಂದೆ.

“ನೆಗ್ಡಿ ಅವ್ರುದು, ಅಳು ನಂದು,” ಎಂದಳು. ಕಿಟಕಿಯಾಚೆ ಕಬ್ಬಿನ ಗದ್ದೆಗಳನ್ನು ನೋಡುತ್ತಲೇ ಹೇಳಿದಳು: “ನಿಮ್ಗೆ ಒಟ್ಟೆ ಉರೀತದೆ, ನಂಗೊತ್ತು. ಆವಯ್ಯನ ಮೇಲೆ ನಂಗೇನೂ ಇಲ್ಲ ಕಣ್ರೀ. ನೀವು ಯೋಳ್ತಿದ್ದಾಗ ರಾಜ್ರು ರಾಣೀರು ಎಲ್ಲಾ ನಿಮ್ ಕಡೆಯೋರು ಅನ್ಸೋದು. ನಿಮ್ ನೆಂಟ್ರ ಮನೆಗೆ ಓದಂಗೆ ಗೋಡೆ ಪಕ್ಕ ನಿಂತಿರ್ತಿದ್ದೆ. ಈಗ ಅವ್ರೇ ನನ್ ಮೆಷಿನ್ನತ್ರ ಬತ್ತಾರೆ.”

ಇಷ್ಟು ದಿನ ಒಂದು ದನಿಯ ಮೇಲೆ ಕಿಚ್ಚುಪಟ್ಟವನಿಗೆ, ಕಳೆದುಕೊಂಡದ್ದು ಬೇರೆಯೇ ಎಂದು ಆಗ ಗೊತ್ತಾಯಿತು. ಆ ರಾಜರಾಣಿಯರು ನನ್ನವರು ಎಂದು ನಾನು ನಿಜವಾಗಿಯೂ ನಂಬಿದ್ದೆ. ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ, ಜಾಗ ಬದಲಿಸಿತು ಅಷ್ಟೆ. ಮದ್ದೂರು ಬಂತು, ಇಳಿದೆವು.

ಆಮೇಲಿನ ದಿನಗಳಲ್ಲಿ ನಾನು ಅವಳಿಗೆ ಏನೂ ವಿವರಿಸಲು ಹೋಗಲಿಲ್ಲ. ಅದು ಸುಲಭವಾಗಿರಲಿಲ್ಲ. ಒಂದು ಬೆಳಿಗ್ಗೆ ಬಸ್ಸಿಗೆ ಹೊರಟವನು ಬಾಗಿಲಲ್ಲಿ ನಿಂತು, “ಮುಂದ್ಕೆ ಯಾವ್ದು ಕೇಳ್ಲಿ?” ಎಂದು ಕೇಳಿದೆ. ಅವಳು ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆದು ಯೋಚಿಸಿ, ಒಬ್ಬ ಹೆಂಗಸು ಓದಿದ ದಿವಾನನೊಬ್ಬನ ಜೀವನಚರಿತ್ರೆ ಹೇಳಿದಳು. “ಅರ್ಧ ಮುಗಿಯ ಗಂಟ ಬೇಜಾರು. ತಡ್ಕಳಿ, ಆಮೇಲೆ ಚೆನ್ನಾಗದೆ.”

ವಾರವಿಡೀ ಕೇಳಿದೆ. ಅವಳು ಹೇಳಿದ್ದಕ್ಕೆ ಪೂರ್ತಿ ತಿರುಗುಮುರುಗು. ಮೊದಲರ್ಧ ಸೊಗಸಾಗಿತ್ತು, ಎರಡನೆಯರ್ಧದಲ್ಲಿ ಬರೆದವನು ದಿವಾನನ ಕಾಲಿಗೆ ಬಿದ್ದುಬಿಟ್ಟಿದ್ದ. ಶನಿವಾರ ಮಧ್ಯಾಹ್ನ ಮನೆಗೆ ಬಂದು ಹಾಗೆಂದು ಹೇಳಿದೆ.

“ನಿಮ್ಗೆ ಕಚೇರಿ ಯವಾರ ಇದ್ರೆ ಚೆಂದ. ಮನ್ಸ ಮನೇಗ್ ಬಂದಾಗ್ಲೇ ನಂಗೆ ಗೊತ್ತಾಗೋದು ಅವ್ನು ಎಂತೋನು ಅಂತ,” ಎಂದಳು.

“ಮನೇಲಿ ಒಳ್ಳೇವ್ನಾದ್ರೆ ಊರಿಗೆ ಕಂದಾಯ ಏರ್ಸಿದ್ದು ಸರಿ ಆಗೋಯ್ತದಾ?”

“ನಾನು ಅಂಗಂದ್ನಾ? ಅವ್ನು ಎಂಡ್ತಿಗೆ ಏನಂದ ಅಂತ ಕೇಳುಸ್ಕಂಡ್ರಾ ಇಲ್ವಾ? ಬಸ್ಸಲ್ಲಿ ನಿದ್ದೆ ಒಡುದ್ರಾ?”

ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಎದುರುಮನೆಯ ಸೊಸೆ ಕುಪ್ಪಸ ತೆಗೆದುಕೊಂಡು ಹೋಗಲು ಬಂದವಳು ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದಳು. “ಬಾರಮ್ಮ,” ಎಂದೆ, “ನೀನೂ ಕೇಳಿದೀಯಲ್ಲ, ನೀನೇ ಹೇಳು. ದಿವಾನ ಮಾಡಿದ್ದು ಸರಿಯಾ ತಪ್ಪಾ?”

ಅವಳು ಒಮ್ಮೆ ನನ್ನನ್ನು ನೋಡಿ, ಒಮ್ಮೆ ನನ್ನ ಹೆಂಡತಿಯನ್ನು ನೋಡಿ, “ಅಕ್ಕ ಯೋಳಿದ್ದೇ ಸರಿ ಸಾ,” ಎಂದಳು.